ಅದೇ ಜಾಗದಲ್ಲಿ ಮತ್ತೆ ಗಂಟು: ಕಾಲು ತೆಗೆಯಲೇಬೇಕಾ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಮಂಡಿಯ ಮೇಲಿನ ಮೂಳೆಯಲ್ಲಿ ಆಸ್ಟಿಯೋಸಾರ್ಕೋಮಾ (ಮೂಳೆಯ ಒಂದು ಬಗೆಯ ಕ್ಯಾನ್ಸರ್) ಇತ್ತು. ಕೀಮೋ ಕೊಟ್ಟು, ಗಡ್ಡೆ ಇದ್ದ ಮೂಳೆ ತೆಗೆದು ಲೋಹದ ಕೀಲು ಹಾಕಿದ್ದರು. ಚಿಕಿತ್ಸೆ ಮುಗಿದು ಒಂದೂವರೆ ವರ್ಷ ಆಯಿತು. ಚೆನ್ನಾಗಿಯೇ ಓಡಾಡಿಕೊಂಡಿದ್ದ. ಈಗ ಹೊಲಿಗೆ ಗುರುತಿನ ಪಕ್ಕ ಒಂದು ಗಂಟು ಕೈಗೆ ಸಿಗುತ್ತಿದೆ. ಎಂಆರ್‌ಐ ನೋಡಿದ ಡಾಕ್ಟರು "ಮತ್ತೆ ಬಂದಿರಬಹುದು, ಕಾಲು ತೆಗೆಯಬೇಕಾಗಬಹುದು" ಅಂದರು. ಹೀಗೆ ಮರಳಿ ಬಂದರೆ 100ರಲ್ಲಿ 20 ಜನ ಮಾತ್ರ ಉಳಿಯುತ್ತಾರೆ ಅಂತ ಎಲ್ಲೋ ಓದಿದೆ. ನಿಜವಾ? ಮೊನ್ನೆ ಅದೇ ಮಂಡಿ ಊರಿ ಬಿದ್ದಿದ್ದ, ಅದರಿಂದ ಬಂತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅನ್ನಿಸುತ್ತದೆ. ಬಿದ್ದದ್ದರಿಂದ ಕ್ಯಾನ್ಸರ್ ಮರಳಿ ಬರುವುದಿಲ್ಲ. ಮೊದಲ ಆಪರೇಷನ್ನಿನ ನಂತರ ಕಣ್ಣಿಗೆ ಕಾಣದಷ್ಟು ಕೆಲವು ಜೀವಕೋಶಗಳು ಅಲ್ಲೇ ಉಳಿದು, ಕೀಮೋಗೂ ಬಗ್ಗದೆ ಇದ್ದರೆ ಹೀಗಾಗುತ್ತದೆ. ಬಿದ್ದಾಗ ಕೈ ಹಾಕಿ ನೋಡಿದ್ದಕ್ಕೆ ಗಂಟು ಗೊತ್ತಾಯಿತು, ಅಷ್ಟೇ.

ಇನ್ನೊಂದು ಮಾತು. ಡಾಕ್ಟರು "ಬಂದಿರಬಹುದು" ಅಂದಿದ್ದಾರೆ, "ಬಂದಿದೆ" ಅಂದಿಲ್ಲ. ಲೋಹದ ಕೀಲಿನ ಸುತ್ತ ಸೋಂಕಾದರೂ ಊದಿಕೊಳ್ಳಬಹುದು. ಲೋಹ ಇದ್ದರೆ ಎಂಆರ್‌ಐ ಚಿತ್ರವೂ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಹಾಗಾಗಿ ಬಯಾಪ್ಸಿ, ಅಂದರೆ ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ, ಆಗಲೇಬೇಕು. ಆದರೆ ಹತ್ತಿರ ಇದೆ ಅಂತ ಎಲ್ಲೋ ಒಂದು ಕಡೆ ಮಾಡಿಸಬೇಡಿ. ಸೂಜಿ ಹೋದ ದಾರಿಯಲ್ಲೂ ಕ್ಯಾನ್ಸರ್ ಕೋಶ ಅಂಟಿರಬಹುದು, ಮುಂದೆ ಆ ದಾರಿಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. ಆದ್ದರಿಂದ ಸೂಜಿ ಎಲ್ಲಿ ಚುಚ್ಚಬೇಕು ಅನ್ನುವುದನ್ನು ಆಪರೇಷನ್ ಮಾಡುವ ಸರ್ಜನ್ನೇ ಹೇಳಬೇಕು. ಜೊತೆಗೆ ಎದೆಯ ಸಿಟಿ ಸ್ಕ್ಯಾನ್. ಈ ಕಾಯಿಲೆ ಹರಡಿದರೆ ಮೊದಲು ಹೋಗುವುದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ.

ಈಗ ಆ 20ರ ಲೆಕ್ಕ. ಅದು ಸುಳ್ಳಲ್ಲ. ಆಸ್ಟಿಯೋಸಾರ್ಕೋಮಾ ಮರಳಿ ಬಂದವರನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ, 5 ವರ್ಷದ ನಂತರ ಬದುಕಿರುವವರು ಸುಮಾರು 100ರಲ್ಲಿ 20ರಿಂದ 30 ಮಂದಿ. ಆದರೆ ಆ ನೂರರಲ್ಲಿ ಜಾಸ್ತಿ ಜನರಿಗೆ ಅದು ಬಂದಿರುವುದು ಶ್ವಾಸಕೋಶದಲ್ಲಿ. ಆಪರೇಷನ್ ಮಾಡಲಾಗದಷ್ಟು ಹರಡಿದವರೂ ಅದರಲ್ಲೇ ಸೇರಿದ್ದಾರೆ. ಎದೆಯ ಸ್ಕ್ಯಾನ್ ಶುದ್ಧವಾಗಿದ್ದು, ಒಂದೇ ಕಡೆ ಗಂಟಿದ್ದು, ಅದನ್ನು ಪೂರ್ತಿ ತೆಗೆಯಲು ಆದರೆ ನಿಮ್ಮ ಮಗನ ಲೆಕ್ಕ ಅದಕ್ಕಿಂತ ಚೆನ್ನಾಗಿರುತ್ತದೆ. ಎರಡು ವರ್ಷ ದಾಟಿದ ಮೇಲೆ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹಾಗಂತ ಕೀಮೋ ನಡೆಯುತ್ತಿರುವಾಗಲೇ ಬಂದ ಹಾಗೂ ಅಲ್ಲವಲ್ಲ. ಪೂರ್ತಿ ತೆಗೆಯಲು ಆಗದೇ ಹೋದರೆ ಮಾತ್ರ ಬಹಳ ವರ್ಷ ಉಳಿಯುವುದು ಅಪರೂಪ. ಕಾಲಿನ ಪ್ರಶ್ನೆ ಬರುವುದೇ ಇಲ್ಲಿಂದ.

ತೆಗೆದ ಗಡ್ಡೆ ಲ್ಯಾಬಿಗೆ ಹೋದಾಗ ಅದರ ಹೊರಮೈಗೆಲ್ಲ ಶಾಯಿ ಬಳಿಯುತ್ತಾರೆ. ಆಮೇಲೆ ತೆಳ್ಳಗೆ ಹೆಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕೋಶ ಶಾಯಿಗೆ ತಾಗಿಕೊಂಡಿದ್ದರೆ ಸ್ವಲ್ಪ ಒಳಗೇ ಉಳಿದಿರಬಹುದು ಅಂತ ಅರ್ಥ. ಶಾಯಿಗೂ ಗಡ್ಡೆಗೂ ನಡುವೆ ಸುತ್ತಲೂ ಒಳ್ಳೆಯ ಮಾಂಸ ಕಂಡರೆ ಅಂಚು ಸ್ವಚ್ಛ. ಗಂಟು ಚಿಕ್ಕದಾಗಿ, ಮುಖ್ಯ ರಕ್ತನಾಳ ಮತ್ತು ನರದಿಂದ ದೂರ ಇದ್ದರೆ ಕಾಲು ಉಳಿಸಿಕೊಂಡೇ ಇಂಥ ಅಂಚು ಪಡೆಯಬಹುದು. ನರ, ರಕ್ತನಾಳವನ್ನೇ ಸುತ್ತಿಕೊಂಡಿದ್ದರೆ ಕಾಲು ತೆಗೆಯುವುದೇ ಸರಿ. ಸರ್ಜನ್‌ಗೆ ನೇರವಾಗಿ ಕೇಳಿ: "ಕಾಲು ಉಳಿಸಿದರೆ ಅಂಚು ಸ್ವಚ್ಛವಾಗಿ ಸಿಗುತ್ತದಾ?" ಅವರು ತಡವರಿಸಿದರೆ ಇನ್ನೊಬ್ಬ ಮೂಳೆ ಕ್ಯಾನ್ಸರ್ ಸರ್ಜನ್‌ಗೆ ಸ್ಕ್ಯಾನ್ ತೋರಿಸಿ. ಅದಕ್ಕೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಬಾರದು. ಆದರೆ ತಿಂಗಳುಗಟ್ಟಲೆ ಅಲೆಯಬೇಡಿ. ಈ ಮಾತುಕತೆಯಲ್ಲಿ ಮಗನೂ ಇರಲಿ. ಕಾಲು ಅವನದು, ವಯಸ್ಸು 17. ಬಾಗಿಲ ಹೊರಗೆ ಕೂರಿಸಿದರೆ ಅವನು ಊಹಿಸಿಕೊಳ್ಳುವುದು ನಿಜಕ್ಕಿಂತ ಭಯಂಕರವಾಗಿರುತ್ತದೆ.

ಕೀಮೋ ಮತ್ತೆ ಬೇಕಾ? ಒಂದೇ ಗಂಟು ಪೂರ್ತಿ ಹೋದ ಮೇಲೆ ಕೀಮೋದಿಂದ ಎಷ್ಟು ಲಾಭ ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಕೊಡುವುದಾದರೆ ಹೆಚ್ಚಾಗಿ ಐಫಾಸ್ಫಮೈಡ್ ಮತ್ತು ಎಟೊಪೊಸೈಡ್. ರೆಗೊರಾಫೆನಿಬ್ ಥರದ ಮಾತ್ರೆಗಳೂ ಇವೆ. ಅವು ಕಾಯಿಲೆಯನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು, ವಾಸಿ ಮಾಡುತ್ತವೆ ಅಂತ ನಂಬಬೇಡಿ. ರೇಡಿಯೇಷನ್‌ಗೆ ಆಸ್ಟಿಯೋಸಾರ್ಕೋಮಾ ಸುಲಭಕ್ಕೆ ಜಗ್ಗುವುದಿಲ್ಲ. ಆಪರೇಷನ್ ಆಗದ ಕಡೆ, ಅಥವಾ ಅಂಚು ಸ್ವಚ್ಛ ಸಿಗದಿದ್ದಾಗ ಅದನ್ನು ಬಳಸುತ್ತೇವೆ. (ಮೂಳೆಯ ಇನ್ನೊಂದು ಬಗೆಯ ಕ್ಯಾನ್ಸರ್ ಆದ ಯೂಯಿಂಗ್ ಸಾರ್ಕೋಮಾ ಇರುವವರು ಇದನ್ನು ತಮಗೆ ಅನ್ವಯಿಸಿಕೊಳ್ಳಬೇಡಿ. ಅದು ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುತ್ತದೆ.)

ಮುಂದಿನ ಸಲ ಹೋಗುವಾಗ ಮೊದಲ ಆಪರೇಷನ್ನಿನ ಪೆಥಾಲಜಿ ರಿಪೋರ್ಟ್ ಮರೆಯದೆ ಒಯ್ಯಿರಿ. ಆಗ ಅಂಚು ಹೇಗಿತ್ತು, ಕೀಮೋದಿಂದ ಗಡ್ಡೆ ಶೇಕಡಾ ಎಷ್ಟು ಸತ್ತಿತ್ತು ಅನ್ನುವುದು ಅದರಲ್ಲಿರುತ್ತದೆ. ಶೇ 90ಕ್ಕಿಂತ ಜಾಸ್ತಿ ಇದ್ದರೆ ಆಗಿನ ಔಷಧಿ ಚೆನ್ನಾಗಿ ಕೆಲಸ ಮಾಡಿತ್ತು ಎಂದರ್ಥ. ಡಾಕ್ಸೋರೂಬಿಸಿನ್ ಅನ್ನುವ ಕೀಮೋ ಔಷಧಿ ಒಟ್ಟು ಎಷ್ಟು ಕೊಟ್ಟಿದ್ದಾರೆ ಅನ್ನುವುದನ್ನೂ ಬರೆಸಿಕೊಳ್ಳಿ. ಹೃದಯಕ್ಕೆ ಪೆಟ್ಟಾಗುವುದರಿಂದ ಆ ಔಷಧಿಗೆ ಜೀವಮಾನದ ಮಿತಿ ಇದೆ. ಅಲ್ಲಿಯವರೆಗೆ ಆ ಗಂಟನ್ನು ಒತ್ತಿ, ತಿಕ್ಕಿ ನೋಡುವುದು ಬೇಡ, ಯಾರಿಂದಲೂ ತಿಕ್ಕಿಸುವುದೂ ಬೇಡ.