ಪ್ರತಿಕ್ರಿಯೆ: ಅಣಬೆ ಮೇಲಿನ ಕೊಂಬಿನ ಹುಳು ಮರಕ್ಕೆ ಅಪಾಯವೇ?

ವರ್ಜೀನಿಯಾದ ಕಾಡಲ್ಲಿ, ಒಣಗಿದ ಮರದ ಅಣಬೆ ಮೇಲೆ ಎರಡು ಕೊಂಬಿನ ಹುಳು ಕಂಡಿತು, ಮುಟ್ಟಿದ ಕೂಡಲೇ ಸತ್ತಂತೆ ಬಿತ್ತು, ಇದರಿಂದ ಮರ ಹಾಳಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಗಾಬರಿ ಬೇಡ. ನೀವು ಹೇಳಿದ ಗುರುತು ನೋಡಿದರೆ ಅದು ಬೊಲಿಟೊಥೀರಸ್ ಕಾರ್ನ್ಯೂಟಸ್ ಎಂಬ ಜೀರುಂಡೆ. ಈ ಕುಲದಲ್ಲಿ ಇರೋದೇ ಇದೊಂದು ಜಾತಿ. ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಮಾತ್ರ ಸಿಗುತ್ತದೆ.

ಅದು ತಿನ್ನೋದು ಅಣಬೆಯನ್ನು, ಮರವನ್ನಲ್ಲ. ಮರವನ್ನು ಕೊಳೆಸುತ್ತಿರೋದು ಅಣಬೆ. ಹೆಚ್ಚಾಗಿ ಗ್ಯಾನೊಡರ್ಮಾ ಎಂಬ ಕುಲದ ಅಣಬೆ. ನಮ್ಮೂರ ಅಡಿಕೆ ತೋಟದ ಅಣಬೆ ರೋಗಕ್ಕೂ ಇದೇ ಕುಲದ್ದು ಕಾರಣ, ನೆನಪಾಯ್ತಾ?

ಕೊಂಬು ಗಂಡಿಗೆ ಮಾತ್ರ. ಹೆಣ್ಣಿಗಾಗಿ ಗುದ್ದಾಡೋಕೆ ಬೇಕಲ್ವಾ! ಕೊಂಬಿನ ಒಳಬದಿಯಲ್ಲಿ ಹಳದಿ ಕೂದಲಿನ ಅಂಚು ಇರುತ್ತದೆ, ಲೆನ್ಸ್ ಇದ್ದರೆ ನೋಡಿ. ಮೈಯೆಲ್ಲ ಗಂಟುಗಂಟು, ಥೇಟ್ ಮರದ ತೊಗಟೆ. ಅಣಬೆ ಮೇಲೆ ಸಣ್ಣ ಕಪ್ಪು ಉಬ್ಬುಗಳು ಕಂಡರೆ ಕೆರೆಯಬೇಡಿ. ಹೆಣ್ಣು ಒಂದೊಂದೇ ಮೊಟ್ಟೆ ಇಟ್ಟು ಹಾಗೆ ಮುಚ್ಚಿರುತ್ತದೆ. ಮರಿಹುಳು ಅಲ್ಲಿಂದ ಒಳಗೆ ಕೊರೆದುಕೊಂಡು ಹೋಗಿ ಅಣಬೆಯಲ್ಲೇ ಬೆಳೆಯುತ್ತದೆ.

ಇನ್ನೊಂದು ಮಜಾ ಇದೆ. ಬಾಯಿಂದ ಹಾ ಅಂತ ಬಿಸಿಯುಸಿರು ಬಿಡಿ, ಇಲಿಯೋ ಏನೋ ತಿನ್ನೋಕೆ ಬಂತು ಅಂದುಕೊಂಡು ಹಿಂಭಾಗದ ಗ್ರಂಥಿ ಹೊರಚಾಚಿ ಘಾಟು ಬಿಡುತ್ತದೆ. ಬೆರಳಿಗೆ ವಾಸನೆ ಹತ್ತೀತು, ಅಷ್ಟೇ. ಮನೆಗೆ ಮಾತ್ರ ತರಬೇಡಿ, ಅದರ ಸಂಸಾರವೆಲ್ಲ ಆ ಅಣಬೆಯಲ್ಲೇ ಇದೆ. ರಾತ್ರಿ ಟಾರ್ಚ್ ಹಿಡಿದು ಹೋದರೆ ಜಾಸ್ತಿ ಕಾಣಸಿಗುತ್ತವೆ.