ಅವರಿಗೆ ಅರಿವಿಲ್ಲ ಎಂದು ಯಾರು ಹೇಳಿದರು?

ನಿಮ್ಮ ಮನೆಗೆಲಸದವರ ಹದಿನಾಲ್ಕರ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿ ಎಂದರೆ "ನೋಡೋಣ" ಎನ್ನುತ್ತಾರೆ, ಅರಿವು ಮೂಡಿಸುವುದು ಹೇಗೆ ಎಂದು ಕೇಳಿದ್ದೀರಿ. ಹಾಗೆ "ನೋಡೋಣ" ಎಂದವಳು ನಾನೂ ಹೌದು. ಮನೆ ಲಗ್ಗೆರೆಯಲ್ಲಿ, ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಕೆಲಸ. ಗರ್ಭಕಂಠದ ಕ್ಯಾನ್ಸರ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಅತ್ತೆ ತೀರಿಕೊಂಡದ್ದೇ ಅದರಿಂದ.

2023ರಲ್ಲಿ ಜಯನಗರದ ಅಕ್ಕನ ಮಗಳಿಗೆ ಅವಳ ಖಾಸಗಿ ಶಾಲೆಯಲ್ಲೇ ಶಿಬಿರ ನಡೆಯಿತು. ಒಪ್ಪಿಗೆ ಪತ್ರಕ್ಕೆ ಅಕ್ಕ ಸಹಿ ಹಾಕಿದಳು, ಭಾವ ಮೊಬೈಲಿನಲ್ಲಿ ದುಡ್ಡು ಕಳುಹಿಸಿದರು, ಅಷ್ಟೇ. ನನ್ನ ಮಗಳ ಸರ್ಕಾರಿ ಶಾಲೆಗೆ ಬರುತ್ತಿದ್ದದ್ದು ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಚುಚ್ಚುಮದ್ದು ಮಾತ್ರ. ಅದು ಉಚಿತ, ನರ್ಸ್ ತರಗತಿಗೇ ಬಂದು ಕೊಟ್ಟು ಹೋಗುತ್ತಿದ್ದುದರಿಂದ ಅದನ್ನು ಯಾವ ತಾಯಿಯೂ "ನೋಡೋಣ" ಎಂದದ್ದಿಲ್ಲ. ಎಚ್‌ಪಿವಿಗೆ ಆಗ ಖಾಸಗಿ ಆಸ್ಪತ್ರೆಯೇ ಗತಿಯಾಗಿತ್ತು. ಆ ವರ್ಷ ಮಾರುಕಟ್ಟೆಗೆ ಬಂದ ನಮ್ಮ ದೇಶದ ಲಸಿಕೆ ಸರ್ವಾವ್ಯಾಕ್‌ಗೇ ಒಂದು ಡೋಸಿಗೆ ₹2,000 ಇತ್ತು. ಮೇಲೆ ಡಾಕ್ಟರ ಫೀಸು. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ತಿಂಗಳ ಹಾಜರಾತಿ ಬೋನಸ್ಸೂ ಹೋಗುತ್ತದೆ.

ನಾನು ಕೆಟ್ಟದ್ದು ಒಂದು ತಪ್ಪು ಲೆಕ್ಕದಿಂದ. ಎರಡು ಡೋಸಿನ ದುಡ್ಡೂ ಕೈಯಲ್ಲಿರಬೇಕು ಎಂದುಕೊಂಡೆ. ದೀಪಾವಳಿಗೆ ಬೋನಸ್ ಬರಲಿ ಎಂದು ಕಾದೆ. ಬಂದಾಗ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯಲಿ, ಜ್ವರಗಿರ ಬಂದರೆ ಕಷ್ಟ ಎಂದೆ. ಡಿಸೆಂಬರಿನಲ್ಲಿ ಮಗಳಿಗೆ ಹದಿನೈದು ತುಂಬಿತು. ಏಪ್ರಿಲಿನಲ್ಲಿ ಹೋದರೆ ಡಾಕ್ಟರು ಆಧಾರ್ ಕಾರ್ಡ್ ನೋಡಿ, "ಇನ್ನು ಮೂರು ಡೋಸ್" ಎಂದರು.

ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಮೊದಲ ಡೋಸು ಹದಿನೈದು ತುಂಬುವ ಮುಂಚೆ ಬಿದ್ದರೆ ಎರಡೇ ಸಾಕು, ಏಕೆಂದರೆ ಎಳೆಯ ಮೈ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಎರಡನೆಯದು ಆರು ತಿಂಗಳ ನಂತರ. ಅಷ್ಟರಲ್ಲಿ ಹದಿನೈದು ದಾಟಿದರೂ ಚಿಂತೆಯಿಲ್ಲ. ಲೆಕ್ಕಕ್ಕೆ ಬರುವುದು ಮೊದಲನೆಯದು ಬಿದ್ದ ದಿನದ ವಯಸ್ಸು. ಅಂದರೆ ನನಗೆ ಅಂದು ಬೇಕಿದ್ದದ್ದು ಒಂದೇ ಡೋಸಿನ ದುಡ್ಡು, ಇನ್ನೊಂದಕ್ಕೆ ಆರು ತಿಂಗಳ ಗಡುವಿತ್ತು! (ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಈ ವಯಸ್ಸಿನವರಿಗೆ ಒಂದು ಡೋಸೂ ಸಾಕು ಎಂದಿತ್ತು; ನಮ್ಮ ಡಾಕ್ಟರು ಲಸಿಕೆಯ ಜೊತೆಗಿದ್ದ ಚೀಟಿಯನ್ನೇ ಹಿಡಿದರು.)

ಹಾಗಾಗಿ ಅರಿವಿನ ಮಾತು ಬಿಡಿ. ಸಿಕ್ಕಿಂನಲ್ಲಿ 2018ರಲ್ಲಿ ಸರ್ಕಾರವೇ ಶಾಲೆಗಳಲ್ಲಿ ಹಾಕಿಸಿತು. 9ರಿಂದ 13 ವರ್ಷದ ಹುಡುಗಿಯರಲ್ಲಿ ಸುಮಾರು ಶೇ 97ರಷ್ಟು ಮಂದಿ ಹಾಕಿಸಿಕೊಂಡರು. ಪ್ರಚಾರವೂ ನಡೆದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಖಾಸಗಿ ಆಸ್ಪತ್ರೆಯ ಬಿಲ್ಲು ಅವರ ಕೈಗಿಟ್ಟು ಪ್ರಚಾರ ಮಾಡಿದ್ದರೆ ಆ ಗುಡ್ಡಗಾಡಿನಲ್ಲಿ ಎಷ್ಟು ಜನ ಬರುತ್ತಿದ್ದರು?

ಮೊದಲು ಆ ಹುಡುಗಿಯ ಹುಟ್ಟಿದ ದಿನಾಂಕ ಕೇಳಿ. ಅವರ ವಾರ್ಡಿನ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಕ್ಲಿನಿಕ್ಕಿನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಉಚಿತವಾಗಿ ಸಿಗುತ್ತದೆಯೇ ಎಂದು ನೀವೇ ವಿಚಾರಿಸಿ. ನಿಮಗೆ ಕೊಡುವ ಉತ್ತರವನ್ನು ಅವರಿಗೆ ಕೊಡುವುದಿಲ್ಲ. ಸಿಗದಿದ್ದರೆ ಮೊದಲ ಡೋಸಿನ ದುಡ್ಡು ಕೊಟ್ಟು, ಅರ್ಧ ದಿನ ರಜೆ ಕೊಟ್ಟು ಕಳುಹಿಸಿ. ಅದನ್ನು ಸಾಲ ಎನ್ನಬೇಡಿ, ಸಂಬಳದಲ್ಲೂ ಹಿಡಿದುಕೊಳ್ಳಬೇಡಿ.