ಸಂಪಾದಕರ ಉತ್ತರ: ನಿಮ್ಮ ಕಾಫಿ ತೋಟ ಅರಣ್ಯ ವರದಿಯಲ್ಲಿ ಕಾಡಾದದ್ದು ಹೇಗೆ?

ಸಿದ್ದಾಪುರ ಸಮೀಪದ ಬೆಳೆಗಾರರೊಬ್ಬರ ಪತ್ರದ ಸಾರ ಇಷ್ಟು: ‘ಕೊಡಗಿನ ಶೇ 80ರಷ್ಟು ಭಾಗ ಅರಣ್ಯ ಎಂದು ಕೇಂದ್ರದ ವರದಿ ಹೇಳುತ್ತದಂತೆ. ನನ್ನ ಹತ್ತು ಎಕರೆ ರೊಬಸ್ಟಾ ತೋಟವೂ ಅದರಲ್ಲಿ ಸೇರಿದೆಯೇ? ಸೇರಿದ್ದರೆ ನಾಳೆ ಇಲಾಖೆಯವರು ಬೇಲಿ ಹಾಕಲು ಬರುತ್ತಾರೆಯೇ? ವರ್ಷದ ಅರ್ಧ ಕಾಲ ಮೋಡ ಕವಿದಿರುವ ಜಿಲ್ಲೆಯನ್ನು ಉಪಗ್ರಹ ನೋಡುವುದು ಹೇಗೆ? ನಮ್ಮೂರಿನ ಯುವಕ ಸಂಘದವರೇ ಊರಿನ ಕಾಡಿನ ನಕ್ಷೆ ಮಾಡಬಹುದೇ?’

ತೋಟದಲ್ಲಿ ನೆರಳಿನ ಮರಗಳು ಉಳಿದಿದ್ದರೆ ಸೇರಿರುವುದು ಬಹುತೇಕ ಖಚಿತ. ಬೇಲಿಯ ಚಿಂತೆ ಬಿಡಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊರತರುವ ವರದಿಯಲ್ಲಿ ‘ಅರಣ್ಯ ಹೊದಿಕೆ’ಯ ಲೆಕ್ಕವೇ ಬೇರೆ, ಸರ್ಕಾರದ ಕಡತದ ‘ದಾಖಲಿತ ಅರಣ್ಯ ಪ್ರದೇಶ’ದ ಲೆಕ್ಕವೇ ಬೇರೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆತ್ತಿ ನೆಲದ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ್ದರೆ ಅದು ಹೊದಿಕೆ. ಜಾಗ ಯಾರದು, ಮರ ಯಾವುದು, ಕೆಳಗೆ ಏನು ಬೆಳೆದಿದೆ ಎಂದು ಆ ಲೆಕ್ಕ ಕೇಳುವುದೇ ಇಲ್ಲ. ಶೇ 70 ಮತ್ತು ಮೇಲ್ಪಟ್ಟು ಅತಿ ದಟ್ಟ, 40ರಿಂದ 70 ಮಧ್ಯಮ, 10ರಿಂದ 40 ವಿರಳ. ನಿಮ್ಮ ಹಕ್ಕು ಪಹಣಿಯಲ್ಲಿದೆ, ಈ ನಕ್ಷೆಯ ಬಣ್ಣದಲ್ಲಿಲ್ಲ. ಜಮ್ಮಾ ಬಾಣೆಯ (ಗದ್ದೆಗೆ ಸೇರಿ ವಂಶಪಾರಂಪರ್ಯವಾಗಿ ಬಂದ ಮರಗಳಿರುವ ಜಮೀನಿನ) ವ್ಯಾಜ್ಯವೂ ಹಾಗೆಯೇ, ಅದಕ್ಕೆ ಬೇರೆ ದಾಖಲೆ, ಬೇರೆ ಕಚೇರಿ.

ಈ ನಕ್ಷೆಗೆ ಮುಖ್ಯವಾಗಿ ಬಳಸುತ್ತ ಬಂದಿರುವುದು ನಮ್ಮದೇ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾ. ಅದರ ಒಂದು ಚುಕ್ಕಿ ಎಂದರೆ ನೆಲದ ಮೇಲೆ 23.5 ಮೀಟರ್ ಉದ್ದಗಲದ ಚೌಕ. ನಿಮ್ಮ ಹತ್ತು ಎಕರೆ ಅದರಲ್ಲಿ ಸುಮಾರು 73 ಚುಕ್ಕಿ. ಒಂದು ಹೆಕ್ಟೇರ್ ಬರೀ 18. ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಅವಗೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಸಸ್ಯ ಸೂಚ್ಯಂಕ. ಅದು ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಹಸಿರು ಎಂದು ಕಂಪ್ಯೂಟರ್ ಬೇರ್ಪಡಿಸುತ್ತದೆ. ಕಬ್ಬು, ಚಹಾದಂಥವನ್ನು ಆಮೇಲೆ ಮನುಷ್ಯರೇ ಚಿತ್ರ ನೋಡಿ ತೆಗೆಯಬೇಕು, ಅನುಮಾನ ಬಂದ ಕಡೆ ಸ್ಥಳಕ್ಕೆ ಹೋಗಿ ನೋಡಬೇಕು.

ಕೊಡಗಿನ ತೊಡಕು ಶುರುವಾಗುವುದು ಇಲ್ಲೇ. ನೆರಳು ತೆಳುವಾದ ತೋಟದಲ್ಲೂ ಮರಗಳ ಸಂದಿಯಲ್ಲಿ ಮಣ್ಣು ಕಾಣುವುದಿಲ್ಲ, ರೊಬಸ್ಟಾ ಗಿಡಗಳ ಎಲೆಯೇ ಕಾಣುತ್ತದೆ. ಸೂಚ್ಯಂಕಕ್ಕೆ ಆ ಎಲೆಯೂ ಎಲೆಯೇ. ಒಂದು ಹಂತದ ಮೇಲೆ ಎಲೆ ಎಷ್ಟು ಹೆಚ್ಚಿದರೂ ಸಂಖ್ಯೆ ಏರದೆ ನಿಂತುಬಿಡುವುದರಿಂದ, ನೆಲದ ಅಳತೆಯಲ್ಲಿ ಶೇ 35 ನೆರಳಿರುವ ತೋಟ ಚಿತ್ರದಲ್ಲಿ ಮಧ್ಯಮ ದಟ್ಟ ಕಾಡಾಗಿ ಕುಳಿತಿರಬಹುದು. ಇದಕ್ಕಿಂತ ಗಂಭೀರವಾದದ್ದು ಹೊರದೇಶದಿಂದ ಬಂದ ನೆರಳಿನ ಮರ ಸಿಲ್ವರ್ ಓಕ್ ವಿಷಯ. ಹೊನ್ನೆ, ನಂದಿ, ಅತ್ತಿ, ಹಲಸು ಇದ್ದ ತೋಟದಲ್ಲಿ ಅವನ್ನೆಲ್ಲ ಕಡಿದು ಬರೀ ಸಿಲ್ವರ್ ನಿಲ್ಲಿಸಿದರೂ ವರದಿಯ ಪಟ್ಟಿಯಲ್ಲಿ ಅದೇ ವರ್ಗ ಮುಂದುವರಿಯಬಹುದು. ಕೊಡಗಿಗೆ ಆಗುತ್ತಿರುವ ದೊಡ್ಡ ನಷ್ಟ ಆ ಶೇ 80ರೊಳಗೇ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ. ವರದಿ ಸುಳ್ಳು ಹೇಳುತ್ತಿಲ್ಲ, ಮರ ಯಾವುದೆಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿಲ್ಲ ಅಷ್ಟೇ.

ಇನ್ನು ಮೋಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದ ಕಡೆ ಒಳ್ಳೆಯ ಚಿತ್ರ ಸಿಕ್ಕರೆ ಅದೃಷ್ಟ. ಅದಕ್ಕೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಿತ್ರಗಳನ್ನು ಆರಿಸುತ್ತಾರೆ: ಮೋಡ ಸರಿದಿರುತ್ತದೆ, ಎಲೆ ಉದುರುವ ಮರಗಳಲ್ಲೂ ಎಲೆ ಇರುತ್ತದೆ. ಆದರೆ ಡಿಸೆಂಬರಿನಲ್ಲಿ, ಉಪಗ್ರಹ ಹಾದುಹೋಗುವ ಬೆಳಗಿನ ಹತ್ತೂವರೆಯ ಸುಮಾರಿಗೆ ಸೂರ್ಯ ಆಗ್ನೇಯದಲ್ಲಿ ತಗ್ಗಿನಲ್ಲಿರುತ್ತಾನೆ. ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿಗಳ ವಾಯವ್ಯ ಮಗ್ಗುಲು ನೆರಳಿಗೆ ಬಿದ್ದು ಕಪ್ಪಾಗುತ್ತದೆ. ನಿತ್ಯಹರಿದ್ವರ್ಣ ಕಾಡೂ ಚಿತ್ರದಲ್ಲಿ ಗಾಢವಾಗಿಯೇ ಕಾಣುವುದರಿಂದ ನೆರಳಿಗೆ ಸಿಕ್ಕ ಹುಲ್ಲುಗಾವಲು ಕಾಡೆಂದು ದಾಖಲಾಗುವ ಅಪಾಯವಿದೆ. ಎತ್ತರದ ನಕ್ಷೆ ಇಟ್ಟುಕೊಂಡು ಇಳಿಜಾರಿನ ಬೆಳಕನ್ನು ಸರಿಪಡಿಸದೆ ಪಶ್ಚಿಮ ಕೊಡಗನ್ನು ವರ್ಗೀಕರಿಸಲು ಹೊರಡಬಾರದು. ಮೋಡ ತೂರಿ ನೋಡುವ ರಾಡಾರ್ ಉಪಗ್ರಹಗಳಿವೆ. ಯುರೋಪಿನ ಸೆಂಟಿನೆಲ್-1ರ ಸುಮಾರು 5.6 ಸೆಂ.ಮೀ. ಅಲೆ ಮರದ ಮೇಲ್ಭಾಗದ ಎಲೆ, ರೆಂಬೆಗಳಿಂದಲೇ ಹೆಚ್ಚಾಗಿ ಹಿಂದಿರುಗುತ್ತದೆ. 2025ರ ಜುಲೈನಲ್ಲಿ ಇಸ್ರೊ ಮತ್ತು ನಾಸಾ ಕಳಿಸಿದ ನೈಸಾರ್‌ನಲ್ಲಿ 24 ಸೆಂ.ಮೀ. ಅಲೆಯೂ ಇದೆ, ಅದು ಕಾಂಡದವರೆಗೂ ಇಳಿಯಬಲ್ಲದು. ಕಡಿದಾದ ಬೆಟ್ಟದಲ್ಲಿ ಮಾತ್ರ ರಾಡಾರ್ ಚಿತ್ರ ವಿಪರೀತ ಸೊಟ್ಟಗಾಗುತ್ತದೆ.

ನಿಮ್ಮ ಯುವಕ ಸಂಘದ ಕೆಲಸಕ್ಕೆ ಬರೋಣ. ಖಂಡಿತ ಮಾಡಬಹುದು, ಖರ್ಚೂ ಹೆಚ್ಚಿಲ್ಲ. ಸೆಂಟಿನೆಲ್-2 ಚಿತ್ರಗಳು ಉಚಿತ, ಚುಕ್ಕಿ 10 ಮೀಟರಿನದು. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ. ಒಂದು ಚಿತ್ರ ಸಾಲದು, ಎರಡು ಬೇಕು: ಡಿಸೆಂಬರಿನದೊಂದು, ಫೆಬ್ರುವರಿ ಕೊನೆಯದೊಂದು. ಮಾಲ್ದಾರೆ, ದುಬಾರೆ ಕಡೆಯ ಎಲೆ ಉದುರುವ ಕಾಡು ಫೆಬ್ರುವರಿಗೆ ಬೋಳಾಗುತ್ತದೆ, ತೋಟ ಹಸಿರಾಗಿಯೇ ಇರುತ್ತದೆ. ಎರಡು ಚಿತ್ರಗಳ ಅಂತರವೇ ಕಾಡನ್ನೂ ತೋಟವನ್ನೂ ಬೇರ್ಪಡಿಸಿ ಕೊಡುತ್ತದೆ. ಬೋಳು ಮರಗಳ ಕೆಳಗೆ ಲಂಟಾನ ಹಬ್ಬಿರುವ ಕಡೆ ಈ ಉಪಾಯ ಕೈಕೊಡುತ್ತದೆ, ಅಲ್ಲಿಗೆ ನಡೆದೇ ಹೋಗಬೇಕು. ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿಗೂ ಇದು ನಡೆಯದು. ಮರ ಕಪಾತು (ನೆರಳಿನ ಮರಗಳ ರೆಂಬೆ ಕತ್ತರಿಸುವುದು) ಮುಗಿದ ತಕ್ಷಣದ ಚಿತ್ರ ಬೇಡ, ತೋಟವನ್ನೇ ಕಡಿದಂತೆ ಕಾಣುತ್ತದೆ. 2018ರ ಆಗಸ್ಟಿನಲ್ಲಿ ಕುಸಿದ ಇಳಿಜಾರುಗಳ ಬಗ್ಗೆಯೂ ಎಚ್ಚರ: ಹುಲ್ಲು, ಪೊದೆ ಎದ್ದ ಕೂಡಲೇ ಸೂಚ್ಯಂಕ ಏರುತ್ತದೆ, ಮರ ಮರಳಿದೆ ಎಂದು ಅದರ ಅರ್ಥವಲ್ಲ.

ವರ್ಗಗಳು ಆರು ಸಾಕು: ನಿತ್ಯಹರಿದ್ವರ್ಣ ಕಾಡು, ಎಲೆ ಉದುರುವ ಕಾಡು, ಕಾಡುಮರದ ನೆರಳಿನ ತೋಟ, ಸಿಲ್ವರ್ ನೆರಳಿನ ತೋಟ, ಹುಲ್ಲುಗಾವಲು, ಗದ್ದೆ. ಕಂಪ್ಯೂಟರಿಗೆ ಕಲಿಸಲು ಪ್ರತಿ ವರ್ಗಕ್ಕೆ ಸುಮಾರು 50 ಜಾಗ ಗುರುತಿಸಿ, ಪ್ರತಿಯೊಂದೂ ಅಂಚಿನಿಂದ 20–30 ಮೀಟರ್ ಒಳಗಿರಲಿ. ಪರೀಕ್ಷೆಗೆ ಬೇರೆಯೇ 50 ಬೇಕು. ಕಲಿಸಿದ ಪಾಠದಲ್ಲೇ ಪರೀಕ್ಷೆ ಇಟ್ಟರೆ ಎಲ್ಲರೂ ಪಾಸಾಗುತ್ತಾರೆ. ಪರೀಕ್ಷೆಯ ಜಾಗಗಳನ್ನು ಕಂಪ್ಯೂಟರೇ ಚೀಟಿ ಎತ್ತಿದಂತೆ ಆರಿಸಲಿ, ಹೋಗಲು ಕಷ್ಟವೆಂದು ರಸ್ತೆ ಬದಿಗೆ ಸರಿಸಬೇಡಿ. ಗ್ರಾಮ ನಕ್ಷೆ ಅಥವಾ ಹಳೆಯ ಸರ್ವೆ ಹಾಳೆ ಕೂರಿಸುವಾಗ ಅದರ ಮೂಲ ಅಳತೆ ಪದ್ಧತಿಯನ್ನು (ಅಕ್ಷಾಂಶ-ರೇಖಾಂಶ ಎಣಿಸುವ ಆಧಾರವನ್ನು) ಉಪಗ್ರಹ ಚಿತ್ರದ ಪದ್ಧತಿಗೆ ಬದಲಿಸಿಕೊಳ್ಳದಿದ್ದರೆ ಗಡಿ ನೂರು ಮೀಟರಿಗೂ ಹೆಚ್ಚು ಜರುಗೀತು.

ನೆಲದ ಅಳತೆಗೆ 0.1 ಹೆಕ್ಟೇರಿನ ಚೌಕ ಅನುಕೂಲ. ಬದಿ 31.62 ಮೀ., ಮಧ್ಯದಿಂದ ಮೂಲೆಗೆ 22.36 ಮೀ. ಇದು ಮಟ್ಟಸ ನೆಲದ ಅಳತೆ. 30 ಡಿಗ್ರಿ ಇಳಿಜಾರಿನಲ್ಲಿ ನೇರ ಕೆಳಗೆ ಟೇಪು ಹಿಡಿಯುವುದಾದರೆ 25.82 ಮೀ. ಎಳೆಯಬೇಕು. ಇಳಿಜಾರಿಗೆ ತಕ್ಕಂತೆ ಉದ್ದ ಹೆಚ್ಚಿಸದಿದ್ದರೆ ಚೌಕ ಶೇ 13ರಷ್ಟು ಕಿರಿದಾಗಿ, ಹೆಕ್ಟೇರಿಗೆ ಇಷ್ಟು ಮರ ಎಂಬ ಲೆಕ್ಕವೇ ಕಡಿಮೆ ಬರುತ್ತದೆ. ಮರದ ಸುತ್ತಳತೆಯನ್ನು 1.37 ಮೀ. ಎತ್ತರದಲ್ಲಿ, ಇಳಿಜಾರಿನ ಮೇಲ್ಬದಿಯಲ್ಲಿ ನಿಂತು ತೆಗೆಯಿರಿ. ಬುಡದಲ್ಲಿ ಹಲಗೆಯಂತೆ ಚಾಚಿದ ಬೇರು ಇದ್ದರೆ ಅದು ಮುಗಿದ ಜಾಗಕ್ಕಿಂತ ಮೇಲೆ. ತೋಟದಲ್ಲಿ ಟೇಪು ಕರಿಮೆಣಸಿನ ಬಳ್ಳಿಯ ಅಡಿಯಿಂದ ಹಾಯಲೇಬೇಕು: 150 ಸೆಂ.ಮೀ. ಮರ ಬಳ್ಳಿ ಸೇರಿ 165 ಆದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಶೇ 21ರಷ್ಟು ಉಬ್ಬುತ್ತದೆ. ನೆರಳಿಗೆ ಒಂದು ಪಿವಿಸಿ ಕೊಳವೆಯ ಬಾಯಿಗೆ ಅಡ್ಡ-ಉದ್ದ ದಾರ ಕಟ್ಟಿ, ಕಾಫಿ ಗಿಡಕ್ಕಿಂತ ಮೇಲೆ ಎತ್ತಿ ಹಿಡಿದು, ಚೌಕದೊಳಗೆ ನೂರು ಕಡೆ ನೇರ ಮೇಲೆ ನೋಡಿ. ದಾರ ಕೂಡುವಲ್ಲಿ ಎಲೆ ಕಂಡದ್ದು ಎಷ್ಟು ಸಲವೋ ನೆರಳು ಅಷ್ಟು ಶೇಕಡಾ.

ಕೊನೆಗೆ ನಕ್ಷೆಯ ಚುಕ್ಕಿ ಎಣಿಸಿ ‘ನಮ್ಮೂರಲ್ಲಿ ಇಷ್ಟು ಕಾಡು’ ಎಂದು ಘೋಷಿಸಬೇಡಿ. ನಕ್ಷೆ 1,000 ಹೆಕ್ಟೇರ್ ಕಾಡು, 3,000 ಹೆಕ್ಟೇರ್ ಇತರೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕಾಡೆಂದ ಕಡೆಯ 100 ಪರೀಕ್ಷೆಯಲ್ಲಿ 85 ಸರಿ. ಇತರೆ ಎಂದ ಕಡೆಯ 100ರಲ್ಲಿ 4 ಕಡೆ ಕಾಡಿತ್ತು. ಆಗ ಲೆಕ್ಕ 850 ಕೂಡಿಸು 120, ಅಂದರೆ 970 ಹೆಕ್ಟೇರ್. ಈ 120 ಎಲ್ಲಿಂದ ಬಂತು ಎಂದು ಹುಡುಕಿದರೆ ದೇವರಕಾಡುಗಳು ಸಿಕ್ಕಾವು. ಜಿಲ್ಲೆಯ 1,214 ದೇವರಕಾಡುಗಳು ಸೇರಿ ಸುಮಾರು 2,550 ಹೆಕ್ಟೇರ್ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ, ಅಂದರೆ ಒಂದೊಂದು ಸರಾಸರಿ ಎರಡು ಹೆಕ್ಟೇರ್. ಒಂದು ಹೆಕ್ಟೇರಿಗಿಂತ ಚಿಕ್ಕವು ತೋಟದ ಹಸಿರಿನಲ್ಲೇ ಕರಗಿಹೋಗುತ್ತವೆ. ಅವುಗಳ ಗಡಿಯನ್ನು ತಕ್ಕಮುಖ್ಯಸ್ಥರ (ಊರಿನ ಪಾರಂಪರಿಕ ಹಿರಿಯರ) ಒಪ್ಪಿಗೆ ಪಡೆದು ಜಿಪಿಎಸ್ ಹಿಡಿದು ಸುತ್ತಿ ಬರೆಯುವುದೇ ಮೇಲು. ದಟ್ಟ ನೆರಳಿನಲ್ಲಿ ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸಬಹುದು, ಪ್ರತಿ ಮೂಲೆಯಲ್ಲಿ ಕೆಲವು ನಿಮಿಷ ನಿಂತು ಸರಾಸರಿ ತೆಗೆದುಕೊಳ್ಳಿ.

ಆನೆ ಓಡಾಡುವ ತೋಟಗಳಿಗೆ ಬಿಸಿಲೇರಿದ ಮೇಲೆ, ಅಲ್ಲಿಯ ಕೆಲಸದವರೊಬ್ಬರನ್ನು ಕರೆದುಕೊಂಡೇ ಹೋಗಿ. ಮೀಸಲು ಅರಣ್ಯದೊಳಗಿನ ಜಾಗಗಳಿಗೆ ಇಲಾಖೆಯ ಅನುಮತಿ ಮೊದಲೇ ಬರೆದು ಕೇಳಿ. ಪಟ್ಟಿಯೆಲ್ಲ ನವೆಂಬರ್ ಹೊತ್ತಿಗೆ ಸಿದ್ಧವಿರಲಿ; ಕಾಫಿ ಕುಯ್ಲು ಶುರುವಾದರೆ ನಿಮಗೆ ದಾರಿ ತೋರಿಸಲು ತೋಟದಲ್ಲಿ ಒಬ್ಬರೂ ಬಿಡುವಾಗಿರುವುದಿಲ್ಲ.

— ಸಂ.